ದೀಪದ ಬೆಳಕಿನ ಬೇಸಾಯದಲ್ಲಿ ಗೋಡೆಯ ಬಿಳುಪು

ಪೈರಿಗೆ ಬೇಕಾದ ಬೆಳಕನ್ನು ಸೂರ್ಯನು ಬೆಲೆಯಿಲ್ಲದೆ ಕೊಡುತ್ತಿರುವನಾದ್ದರಿಂದ, ಬೆಳಕನ್ನು ಬೇಸಾಯದ ಖರ್ಚಿನ ಬಾಬುಗಳಲ್ಲಿ ಸೇರಿಸುವ ವಾಡಿಕೆ ನಮ್ಮ ರೈತರಲ್ಲಿ ಬೆಳೆದುಬರಲಿಲ್ಲ. ಬೀಜ, ಗೊಬ್ಬರ, ನೀರು, ಆಳಿನ ಕೂಲಿ, ಎತ್ತಿನ ಮೇವು ಇವುಗಳನ್ನು ಕಾಸು ಕಾಸಿಗೆ ಲೆಕ್ಕ ಹಾಕುವವರೂ ಬಿಸಿಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಮಾಡಿನ ಕೆಳಗೆ, ನಾಲ್ಕು ಗೋಡೆಗಳ ಒಳಗೆ, ವಿದ್ಯುದ್ದೀಪಗಳ ಬೆಳಕಿನಿಂದಲೇ ಪೈರನ್ನು ಬೆಳೆಯುವ ಪದ್ಧತಿಯು ಈಗ ಪ್ರಚಾರಕ್ಕೆ ಬಂದಿದೆ. ಬಾಳೆಯ ಅಂಗಾಂಶ ಕೃಷಿಯ ಪ್ರಯೋಗಾಲಯಗಳಲ್ಲಿ ಸೀಸೆಗಳೊಳಗಿನ ಎಳೆಯ ಸಸಿಗಳು ಬೆಳೆಯುವುದು ಇಂಥ ಕೋಣೆಗಳಲ್ಲಿಯೇ. ಪಟ್ಟಣಗಳ ಹೋಟೆಲುಗಳಿಗೆ ಬೇಕಾಗುವ ಲೆಟ್ಯೂಸ್ ಮೊದಲಾದ ಸೊಪ್ಪುಗಳನ್ನು ಹೀಗೆ ಬೆಳೆಯುವವರೂ ಇದ್ದಾರೆ. ಅದನ್ನು ಕೇಳಿ ತಿಳಿದು, ಹಳೆಯ ಉಗ್ರಾಣವನ್ನೋ ಖಾಲಿ ಬಿದ್ದ ರೇಷ್ಮೆಹುಳುವಿನ ಮನೆಯನ್ನೋ ಅದೇ ಉಪಯೋಗಕ್ಕೆ ತರಬಹುದೇ ಎಂದು ವಿಚಾರಿಸುವ ಹಿಡುವಳಿದಾರರು ಮೊದಲು ತಿಳಿಯತಕ್ಕದ್ದೇನೆಂದರೆ, ಅಂಥ ಕೋಣೆಯಲ್ಲಿ ಬೆಳಕೂ ಗೊಬ್ಬರದಂತೆ ಹಣ ಕೊಟ್ಟು ಕೊಳ್ಳುವ ಸಾಮಗ್ರಿ. ದೀಪದಿಂದ ಹೊರಟು ಎಲೆಯನ್ನು ಮುಟ್ಟದೆ ಗೋಡೆಯಲ್ಲಿ ಇಂಗಿಹೋದ ಬೆಳಕು, ಕಾಲುವೆಯಿಂದ ಹೊರಟು ಗದ್ದೆಯನ್ನು ಸೇರದೆ ಬಿಲದಲ್ಲಿ ಇಳಿದುಹೋದ ನೀರಿನಂತೆ, ಬರಿಯ ನಷ್ಟ.

ಈ ನಷ್ಟವು ಎಷ್ಟೆಂಬುದನ್ನು ಊಹಿಸಲು ಯಂತ್ರೋಪಕರಣಗಳು ಬೇಕಾಗಿಲ್ಲ. ಹೊಗೆಯಿಂದ ಕಪ್ಪಾದ ಹಳೆಯ ಅಡಿಗೆಮನೆಯಲ್ಲಿ ಒಂದು ದೀಪವನ್ನು ಹೊತ್ತಿಸಿ, ಅದೇ ದೀಪವನ್ನು ಹಬ್ಬಕ್ಕೆ ಸುಣ್ಣ ಬಳಿದ ಪಡಸಾಲೆಗೆ ತಂದರೆ, ದೀಪವು ಬೇರೆಯಾಯಿತೋ ಎಂಬಂತೆ ಕಾಣುವುದು. ದೀಪವು ಬೇರೆಯಾಗಲಿಲ್ಲ. ಮಸಿಹಿಡಿದ ಗೋಡೆಯು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 5 ಪಾಲನ್ನು ಹಿಂದಕ್ಕೆ ಕೊಡುವುದೂ ಕಷ್ಟ. ಸಾರಣೆಯಿಲ್ಲದ ಕೆಂಪು ಇಟ್ಟಿಗೆ, ಬರಿಯ ಸಿಮೆಂಟು, ಮಣ್ಣಿನ ಗೋಡೆ ಇವು ಸುಮಾರಾಗಿ 20ರಿಂದ 30 ಪಾಲನ್ನು ಕೊಡುತ್ತವೆ. ಚೆನ್ನಾಗಿ ಬಳಿದ ಹೊಸ ಸುಣ್ಣವಾದರೋ 80 ಪಾಲಿನ ಆಸುಪಾಸಿನಲ್ಲಿ ಕೊಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವುಂಟು. 20ಕ್ಕೂ 80ಕ್ಕೂ ಇರುವ ಅಂತರವು ನಾಲ್ಕರಷ್ಟು ಮಾತ್ರವೆಂದು ಮೇಲುನೋಟಕ್ಕೆ ತೋರುವುದು. ಆದರೆ ಕೋಣೆಯೊಳಗಿನ ಬೆಳಕು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ, ಅಲ್ಲಿಂದ ಮತ್ತೊಂದಕ್ಕೆ ಹಾಯುತ್ತಲೇ ಇರುತ್ತದೆ. ಗೋಡೆಗೆ ಬಿದ್ದ ಬೆಳಕು ನೂರು ಪಾಲೆಂದು ಇಟ್ಟುಕೊಂಡರೆ, ಬಿಳಿಯ ಗೋಡೆಯಿಂದ ಮೊದಲನೆಯ ಸಾರಿ ಹಿಂದಿರುಗುವುದು 80. ಅದು ಎಲೆಗೆ ತಾಗದೆ ಇನ್ನೊಂದು ಗೋಡೆಗೆ ಬಿದ್ದರೆ ಅಲ್ಲಿಂದ 64. ಮೂರನೆಯ ಸಾರಿ 51. ಇಟ್ಟಿಗೆಯ ಗೋಡೆಯಲ್ಲಿ ಇದೇ ಕ್ರಮದಲ್ಲಿ ಮೊದಲು 20, ಆಮೇಲೆ 4, ಆಮೇಲೆ ಒಂದಕ್ಕಿಂತಲೂ ಕಡಿಮೆ. ಅಂದರೆ ಬಿಳಿಯ ಕೋಣೆಯಲ್ಲಿ ಬೆಳಕಿಗೆ ಎಲೆಯನ್ನು ಸೇರಲು ಹಲವು ಅವಕಾಶಗಳು ದೊರೆಯುತ್ತವೆ. ಕಪ್ಪು ಕೋಣೆಯಲ್ಲಿ ಒಂದೇ ಅವಕಾಶ. ಎಲೆಯಾದರೋ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚಿನ ಪಾಲನ್ನು ಹೀರಿಕೊಂಡು, ಹಸುರು ಬಣ್ಣದ ಸ್ವಲ್ಪ ಭಾಗವನ್ನು ಮಾತ್ರ ಹಿಂದಕ್ಕೆ ಬಿಡುತ್ತದೆ. ಆ ಕಾರಣದಿಂದಲೇ ಅದು ನಮ್ಮ ಕಣ್ಣಿಗೆ ಹಸುರಾಗಿ ತೋರುವುದು.

ಕೋಣೆಯು ಚಿಕ್ಕದಾದಷ್ಟೂ ಗೋಡೆಯ ಪಾತ್ರವು ದೊಡ್ಡದು. 10 ಅಡಿ ಉದ್ದ, 10 ಅಡಿ ಅಗಲ, 8 ಅಡಿ ಎತ್ತರದ ಕೋಣೆಯಲ್ಲಿ ನೆಲವು 100 ಚದರಡಿಯಾದರೆ ಗೋಡೆಗಳು 320 ಚದರಡಿ. ಅದೇ ಎತ್ತರದ 40 ಅಡಿ ಚಚ್ಚೌಕದ ಉಗ್ರಾಣದಲ್ಲಿ ನೆಲವು 1,600 ಚದರಡಿ, ಗೋಡೆಗಳು 1,280 ಮಾತ್ರ. ಮೊದಲನೆಯದರಲ್ಲಿ ಗೋಡೆಯು ನೆಲದ ಮೂರರಷ್ಟಕ್ಕಿಂತ ಹೆಚ್ಚು. ಎರಡನೆಯದರಲ್ಲಿ ನೆಲಕ್ಕಿಂತಲೂ ಕಡಿಮೆ. ಆದಕಾರಣ ದೊಡ್ಡ ಉಗ್ರಾಣದ ದೂರದ ಗೋಡೆಗಳಿಗೆ ಬೆಲೆಬಾಳುವ ಹಾಳೆಗಳನ್ನು ಹೊದಿಸುವುದಕ್ಕಿಂತ, ಸಸಿಗಳ ಅಟ್ಟಣೆಗಳ ಪಕ್ಕದಲ್ಲಿಯೇ ಬಿಳಿಯ ಪರದೆಗಳನ್ನು ಇಳಿಯಬಿಟ್ಟು ಕೋಣೆಯೊಳಗೆ ಕೋಣೆಯನ್ನು ಮಾಡಿಕೊಳ್ಳುವುದು ಜಾಣತನ. ಚಿಕ್ಕ ದೀಪವೊಂದರಿಂದ ಎರಡರಷ್ಟು ದೂರ ಹೋದರೆ ನೇರವಾಗಿ ಬೀಳುವ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆಯೆಂಬ ನಿಯಮವೂ ಹತ್ತಿರದ ಪರದೆಯ ಪಕ್ಷವನ್ನೇ ವಹಿಸುತ್ತದೆ.

ಬೆಳಕಿನ ಮೊತ್ತಕ್ಕಿಂತಲೂ ಅದರ ಹಂಚಿಕೆಯು ಮುಖ್ಯವೆನ್ನಬೇಕು. ನಡುವಿನ ಸಾಲಿನ ಗಿಡಗಳು ಸೊಂಪಾಗಿಯೂ, ಅಂಚಿನ ಗಿಡಗಳು ಬಡಕಲಾಗಿ ಒಂದು ಕಡೆಗೆ ಬಾಗಿಯೂ ಇರುವುದು ದೀಪದ ಕೋಣೆಗಳಲ್ಲಿ ಸಾಮಾನ್ಯವಾದ ದೋಷ. ಗಿಡವು ಬೆಳಕಿನ ಕಡೆಗೆ ಬಾಗುವ ಬಗೆಯನ್ನು ಚಾರ್ಲ್ಸ್ ಡಾರ್ವಿನನು ತನ್ನ ಮಗ ಫ್ರಾನ್ಸಿಸನೊಡನೆ ಹುಲ್ಲಿನ ಮೊಳಕೆಗಳ ಮೇಲೆ ಪರೀಕ್ಷಿಸಿ, ಬೆಳಕನ್ನು ಅರಿಯುವುದು ಮೊಳಕೆಯ ತುದಿ, ಬಾಗುವುದು ಅದರ ಕೆಳಭಾಗ ಎಂದು 1880ರಲ್ಲಿ ಪ್ರಕಟಿಸಿದನು. ಅಂಚಿನ ಗಿಡಕ್ಕೆ ಒಳಗಡೆಯಿಂದ ಮಾತ್ರ ಬೆಳಕು. ಹೊರಗಡೆ ಕತ್ತಲೆಯ ಗೋಡೆ. ಆ ಗೋಡೆಯನ್ನು ಬೆಳ್ಳಗೆ ಮಾಡಿದರೆ ಹೊರಗಡೆಯಿಂದಲೂ ಬೆಳಕು ಬಂದು ಗಿಡವು ನೆಟ್ಟಗೆ ನಿಲ್ಲುವುದು. ಕೆಳಗಿನ ಎಲೆಗಳು ಹಳದಿಯಾಗುವುದೂ ಕಡಿಮೆಯಾಗುವುದು. ಮಾರುವ ಸಸಿಗಳಲ್ಲಿ ಈ ಒಂದು ಅಂಶದಿಂದಲೇ ಬೆಲೆಯ ವ್ಯತ್ಯಾಸವಾಗುತ್ತದೆ. ದೀಪಗಳ ಗೊಡವೆಗೆ ಹೋಗದ ರೈತರಿಗೂ ಇದರಲ್ಲಿ ಪ್ರಯೋಜನವುಂಟು. ಜಗಲಿಯ ಮೇಲೆ ಟ್ರೇಗಳಲ್ಲಿ ಟೊಮೇಟೊ, ಮೆಣಸಿನಕಾಯಿ, ಬದನೆಯ ಸಸಿಗಳನ್ನು ಎಬ್ಬಿಸುವವರು, ಸಸಿಗಳೆಲ್ಲ ಬೀದಿಯ ಕಡೆಗೆ ಬಾಗಿ ಉದ್ದುದ್ದವಾಗಿ ಬೆಳೆದವೆಂದು ದೂರುವುದನ್ನು ಕೇಳಿದ್ದೇವೆ. ಹಿಂಗೋಡೆಗೆ ಎರಡು ಸಾರಿ ಸುಣ್ಣ ಬಳಿದು ಟ್ರೇಗಳನ್ನು ದಿನಕ್ಕೊಮ್ಮೆ ತಿರುಗಿಸಿಟ್ಟರೆ ಈ ದೂರು ಬಹಳ ಮಟ್ಟಿಗೆ ತೀರುವುದು.

ಗೋಡೆಯಿಂದ ಪೈರಿಗೆ ಸಹಾಯ ಪಡೆಯುವ ಆಲೋಚನೆಯು ಹೊಸದಲ್ಲ. ಫ್ರಾನ್ಸ್ ದೇಶದಲ್ಲಿ ಪ್ಯಾರಿಸ್ ನಗರಕ್ಕೆ ಪೂರ್ವದಲ್ಲಿರುವ ಮಾಂತ್ರೆಯ್ ಎಂಬಲ್ಲಿ ತೋಟಗಾರರು 17ನೆಯ ಶತಮಾನದಿಂದ ಜಿಪ್ಸಮ್ ಗಾರೆಯನ್ನು ಬಳಿದ ಎತ್ತರವಾದ ಗೋಡೆಗಳನ್ನು ಕಟ್ಟಿ, ಅವಕ್ಕೆ ಪೀಚ್ ಮರಗಳ ಕೊಂಬೆಗಳನ್ನು ಚಾಚಿ ಕಟ್ಟಿ ಫಲ ತೆಗೆಯುತ್ತಿದ್ದರು. 1699ರಲ್ಲಿ ಸ್ವಿಟ್ಜರ್ಲೆಂಡಿನ ಗಣಿತಜ್ಞ ನಿಕೊಲಾಸ್ ಫಾತಿಯೊ ಎಂಬಾತನು, ಹಣ್ಣಿನ ಗೋಡೆಗಳನ್ನು ನೆಟ್ಟಗೆ ಕಟ್ಟದೆ ಸೂರ್ಯನ ಕಡೆಗೆ ಓರೆಯಾಗಿ ಕಟ್ಟಬೇಕೆಂದು ವಾದಿಸಿ ಇಂಗ್ಲೆಂಡಿನಲ್ಲಿ ಒಂದು ಗ್ರಂಥವನ್ನೇ ಹೊರಡಿಸಿದನು. ಅಲ್ಲಿ ಗೋಡೆಯ ಮುಖ್ಯ ಕೆಲಸ ಹಗಲಿನ ಶಾಖವನ್ನು ಹಿಡಿದಿಟ್ಟು ರಾತ್ರಿಯ ಚಳಿಯಲ್ಲಿ ಮರಕ್ಕೆ ಕೊಡುವುದಾಗಿತ್ತು. ನಮ್ಮ ಬಯಲು ಸೀಮೆಯಲ್ಲಿ ಶಾಖಕ್ಕೆ ಬರವಿಲ್ಲವಾದ್ದರಿಂದ ಆ ಭಾಗವನ್ನು ಅನುಕರಿಸುವ ಅಗತ್ಯವಿಲ್ಲ. ಬೆಳಕಿನ ಭಾಗವೊಂದೇ ನಮಗೆ ಸಾಕು.

ದೀಪದ ಕೋಣೆಗಳಲ್ಲಿ ಗೋಡೆಗೆ ಹೊಳೆಯುವ ಹಾಳೆಗಳನ್ನು ಹೊದಿಸುವ ಪದ್ಧತಿಯು ಹಾಲೆಂಡ್ ಮತ್ತು ಉತ್ತರ ಅಮೆರಿಕಗಳಲ್ಲಿ ಹೆಚ್ಚಾಗಿ ಹರಡಿದ್ದು ಗಾಂಜಾ ಬೆಳೆಯುವವರ ಮೂಲಕ. ಕಾನೂನಿಗೆ ಹೆದರಿ ನೆಲಮಾಳಿಗೆಗಳಲ್ಲಿ ಬೆಳೆಯುತ್ತಿದ್ದವರಿಗೆ ಬಿಸಿಲು ಸಿಕ್ಕುತ್ತಿರಲಿಲ್ಲ. ಗಾಂಜಾ ಗಿಡಕ್ಕಾದರೋ ಸೊಪ್ಪಿನ ಗಿಡಗಳಿಗಿಂತ ಬಹು ಹೆಚ್ಚು ಬೆಳಕು ಬೇಕು. ಕೆನಡಾ ದೇಶವು 2018ರ ಅಕ್ಟೋಬರಿನಲ್ಲಿ ಅದನ್ನು ಕಾನೂನುಬದ್ಧಗೊಳಿಸಿದ ಮೇಲೆ ಅಲ್ಲಿ ಪರವಾನಗಿ ಪಡೆದ ದೊಡ್ಡ ಕಾರಖಾನೆಗಳೇ ಇವೆ. ನಮ್ಮ ದೇಶದ ಸ್ಥಿತಿಯು ಬೇರೆ. 1985ರ ಮಾದಕ ದ್ರವ್ಯಗಳ ಮತ್ತು ಮನೋಪ್ರಭಾವಿ ಪದಾರ್ಥಗಳ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಗಾಂಜಾ ಗಿಡವನ್ನು ಬೆಳೆಯುವುದು 10 ವರ್ಷಗಳವರೆಗಿನ ಕಠಿಣ ಶಿಕ್ಷೆಗೂ 1 ಲಕ್ಷ ರೂಪಾಯಿಗಳವರೆಗಿನ ದಂಡಕ್ಕೂ ಗುರಿಯಾದ ಅಪರಾಧ. ಅಷ್ಟೇ ಅಲ್ಲ: ತನ್ನ ಜಮೀನಿನಲ್ಲಿ ಇಂಥ ಬೇಸಾಯ ನಡೆಯುತ್ತಿದ್ದರೆ ಕೂಡಲೇ ತಿಳಿಸತಕ್ಕದ್ದು ಜಮೀನುದಾರನ ಕರ್ತವ್ಯವೆಂದು ಆ ಕಾಯಿದೆಯ 46ನೆಯ ಪ್ರಕರಣವೂ, ಊರಿನ ಪಂಚರು ಮತ್ತು ಇತರ ಗ್ರಾಮಾಧಿಕಾರಿಗಳಿಗೂ ಅದೇ ಕರ್ತವ್ಯವುಂಟೆಂದು 47ನೆಯ ಪ್ರಕರಣವೂ ವಿಧಿಸುತ್ತವೆ. ತಿಳಿದೂ ತಿಳಿದೂ ತನ್ನ ಕಟ್ಟಡವನ್ನು ಅಂಥ ಕೆಲಸಕ್ಕೆ ಬಿಟ್ಟವನೂ ಶಿಕ್ಷಾರ್ಹನೇ. ಉಗ್ರಾಣವನ್ನು ಬಾಡಿಗೆಗೆ ಕೇಳಿ ಬಂದವರು ಕಿಟಕಿಗಳನ್ನೆಲ್ಲ ಮುಚ್ಚಿ, ಗೋಡೆಗೆ ಬೆಳ್ಳಿಯ ಹಾಳೆ ಹೊದಿಸಿ, ಯಾವ ಪೈರೆಂಬುದನ್ನು ಹೇಳದೆ ಇದ್ದರೆ, ಬಾಡಿಗೆಯ ಮೊಬಲಗನ್ನು ನೋಡಿ ಸುಮ್ಮನಿರುವುದು ಯಜಮಾನನಿಗೆ ಕ್ಷೇಮವಲ್ಲ. ಆದರೆ ಬೆಳಕಿನ ನಿಯಮವು ಎಲ್ಲ ಗಿಡಗಳಿಗೂ ಒಂದೇ ಆದಕಾರಣ, ಆ ಕೋಣೆಗಳಲ್ಲಿ ಕಂಡ ಅನುಭವವನ್ನು ಸೊಪ್ಪಿಗೂ ಸಸಿಗೂ ಅನ್ವಯಿಸಿಕೊಳ್ಳಲು ಅಡ್ಡಿಯಿಲ್ಲ.

ಇನ್ನು ಸಾಮಗ್ರಿಗಳ ವಿಚಾರ. ಎಲ್ಲಕ್ಕಿಂತ ಅಗ್ಗವಾದದ್ದೂ ಹಳ್ಳಿಗೆ ಒಗ್ಗುವುದೂ ಸುಣ್ಣವೇ. ಬೂದು ಬಣ್ಣದ ಕಲ್ಲುಸುಣ್ಣವನ್ನು ಬಿಟ್ಟು ಚೆನ್ನಾಗಿ ಸುಟ್ಟ ಬಿಳಿಯ ಸುಣ್ಣವನ್ನೇ ಆರಿಸಬೇಕು. ಅಗಲವಾದ ತೊಟ್ಟಿಯಲ್ಲಿ ಮೊದಲು ನೀರನ್ನು ತುಂಬಿ, ಅದಕ್ಕೆ ಸುಣ್ಣದ ಹರಳುಗಳನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಬರತಕ್ಕದ್ದು. ಹರಳುಗಳ ರಾಶಿಯ ಮೇಲೆ ನೀರನ್ನು ಸುರಿಯಕೂಡದು. ಅದು ಕುದಿದು ಸಿಡಿದು ಕಣ್ಣಿಗೆ ಅಪಾಯ. ಸುಣ್ಣವು ಕಣ್ಣಿಗೆ ಬಿದ್ದರೆ ಕೂಡಲೇ ಧಾರಾಳವಾದ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರ ಬಳಿಗೆ ಹೋಗಬೇಕು. ಅರಳಿದ ಸುಣ್ಣವನ್ನು ಒಂದೆರಡು ದಿನ ನೀರಿನಲ್ಲಿಯೇ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಹಾಲಿನ ಹದಕ್ಕೆ ತೆಳ್ಳಗೆ ಮಾಡಿಕೊಳ್ಳಬೇಕು. ಮೊದಲೇ ಗೋಡೆಯ ಮಸಿ, ಧೂಳು, ಹಳೆಯ ಸುಣ್ಣದ ಚಕ್ಕೆಗಳನ್ನು ಕೆರೆದು, ನೀರು ಚಿಮುಕಿಸಿ, ದಪ್ಪವಾಗಿ ಒಂದು ಸಾರಿ ಬಳಿಯುವುದಕ್ಕೆ ಬದಲಾಗಿ ತೆಳ್ಳಗೆ ಮೂರು ಸಾರಿ ಬಳಿಯತಕ್ಕದ್ದು. ಹಸಿಯಾಗಿರುವಾಗ ಗೋಡೆಯು ಮಂಕಾಗಿ ಕಾಣುವುದನ್ನು ನೋಡಿ ಅವಸರಪಡಬೇಕಾಗಿಲ್ಲ. ಸುಣ್ಣವು ಗಾಳಿಯಲ್ಲಿನ ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತ ಹೋದಂತೆ ಬಿಳುಪು ಏರುತ್ತದೆ. ಅಂಟಿಗಾಗಿ ಅಕ್ಕಿಯ ಗಂಜಿಯನ್ನು ಸೇರಿಸುವ ವಾಡಿಕೆ ಕೆಲವು ಕಡೆ ಉಂಟು. ಯಾವಾಗಲೂ ತೇವವಾಗಿರುವ ಪೈರಿನ ಕೋಣೆಯಲ್ಲಿ ಗಂಜಿಯು ಬೂಷ್ಟಿಗೆ ಆಹಾರವಾಗುವುದರಿಂದ ಅದನ್ನು ಬಿಡುವುದು ಮೇಲು. ಬರಿಯ ಸುಣ್ಣಕ್ಕೆ ಹೊಸದರಲ್ಲಿ ಬೂಷ್ಟನ್ನು ತಡೆಯುವ ಗುಣವೇ ಇದೆ.

ಸುಣ್ಣಕ್ಕೆ ನೀಲಿಯನ್ನು ಬೆರಸುವುದು ನಮ್ಮಲ್ಲಿ ಬಹಳ ರೂಢಿಯಾದ ಸಂಗತಿ. ಪೈರಿನ ಕೋಣೆಗೆ ಇದನ್ನು ಮಾಡಕೂಡದು. ನೀಲಿ ಹಾಕಿದ ಗೋಡೆಯು ಕಣ್ಣಿಗೆ ಹೆಚ್ಚು ಬೆಳ್ಳಗೆ ಕಾಣುವುದೇನೋ ನಿಜ. ಆದರೆ ನೀಲಿಯು ಬೆಳಕನ್ನು ಹೆಚ್ಚಿಸುವುದಿಲ್ಲ, ಹಳದಿ ಕೆಂಪು ಬಣ್ಣಗಳ ಭಾಗವನ್ನು ನುಂಗಿ, ಸುಣ್ಣದ ಹಳದಿಯ ಛಾಯೆಯನ್ನು ಮರೆಮಾಡುತ್ತದೆ. ಹಬ್ಬದ ಮನೆಗೆ ಇದು ಅಲಂಕಾರ. ಕೆಂಪು ಬೆಳಕನ್ನು ಅವಶ್ಯವಾಗಿ ಬಯಸುವ ಎಲೆಗೆ ಇದು ಕಡಿತ. ಕಣ್ಣಿನ ಬಿಳುಪೂ ಎಲೆಯ ಬಿಳುಪೂ ಒಂದೇ ಅಲ್ಲವೆಂಬುದಕ್ಕೆ ಇಷ್ಟು ಸುಲಭವಾದ ದೃಷ್ಟಾಂತವು ಬೇರೆ ದೊರೆಯದು.

ಅಂಗಡಿಯ ಬಿಳಿಯ ಬಣ್ಣಗಳಲ್ಲಿ ಟೈಟೇನಿಯಮ್ ಭಸ್ಮವು ಸೇರಿರುತ್ತದೆ. ಹೊಳಪಿಲ್ಲದ ಅಚ್ಚಬಿಳಿಯ ಬಣ್ಣವು 80ರಿಂದ 90 ಪಾಲಿನವರೆಗೆ ಬೆಳಕನ್ನು ಹಿಂದಿರುಗಿಸುವುದಲ್ಲದೆ, ಒದ್ದೆ ಬಟ್ಟೆಯಿಂದ ಒರಸಬಹುದಾದ ಬಗೆಯನ್ನು ಕೊಂಡರೆ ಸುಣ್ಣದಂತೆ ಕೈಗೆ ಮೆತ್ತುವುದಿಲ್ಲ, ಪುಡಿಯು ಎಲೆಗಳ ಮೇಲೆ ಉದುರುವುದಿಲ್ಲ. ಗಟ್ಟಿ ಸಾರಣೆಯಿದ್ದು ಖರ್ಚಿಗೆ ಅನುಕೂಲವಿರುವಲ್ಲಿ ಇದೇ ಉತ್ತಮ. ಒಂದು ಮುಖ ಬಿಳಿ, ಒಂದು ಮುಖ ಕಪ್ಪು ಇರುವ ಪ್ಲಾಸ್ಟಿಕ್ ಹಾಳೆಯು ಪರದೆಗೆ ಒಳ್ಳೆಯದು: ಬಿಳಿಯ ಮುಖವು ಒಳಗಡೆಗೆ ಇರತಕ್ಕದ್ದು, ಕಪ್ಪು ಮುಖವು ಹೊರಗಿನ ಬೆಳಕನ್ನು ತಡೆಯುವುದು.

ಬೆಳ್ಳಿಯಂತೆ ಹೊಳೆಯುವ ಪಾಲಿಯೆಸ್ಟರ್ ಹಾಳೆಯನ್ನು ಮಾರುವವರು ಅದನ್ನು ಬಹಳವಾಗಿ ಹೊಗಳುತ್ತಾರೆ. ಹೊಸದಾಗಿ, ನಿರಿಗೆಯಿಲ್ಲದೆ, ಶುಭ್ರವಾಗಿರುವಾಗ ಅದು 90 ಪಾಲಿಗೂ ಮೇಲೆ ಕೊಡಬಲ್ಲುದು. ಧೂಳು ಕೂತು, ನೀರಿನ ಕಲೆ ಹಿಡಿದು, ಒರಸಿ ಒರಸಿ ಗೀರಾದ ಮೇಲೆ ಸುಣ್ಣಕ್ಕಿಂತ ಮೇಲೆಂದು ಹೇಳಲಾಗದು. ದೀಪದ ಬೆಳಕನ್ನು ಇಮ್ಮಡಿ ಮಾಡುವೆವೆಂಬ ಜಾಹೀರಾತನ್ನು ನಂಬಬಾರದು. ಗೋಡೆಯು ತನಗೆ ಬಂದದ್ದನ್ನು ಹಿಂದಕ್ಕೆ ಕೊಡಬಲ್ಲುದೇ ಹೊರತು ಒಂದು ಪಾಲನ್ನೂ ಹೊಸದಾಗಿ ಹುಟ್ಟಿಸಲಾರದು. ಅಡಿಗೆಗೆ ಉಪಯೋಗಿಸುವ ಅಲ್ಯೂಮಿನಿಯಮ್ ಕಾಗದವನ್ನು ಅಂಟಿಸಿದರೆ ಸುಕ್ಕುಗಳಿಂದ ಬೆಳಕು ಪಟ್ಟೆಪಟ್ಟೆಯಾಗಿ ಬೀಳುವುದು. ಅದಕ್ಕಿಂತ ಮುಖ್ಯವಾಗಿ, ಅದು ವಿದ್ಯುತ್ತನ್ನು ಹರಿಸುವ ಲೋಹ. ತೇವದ ಕೋಣೆಯಲ್ಲಿ ಒಂದು ತಂತಿಯ ಹೊದಿಕೆ ಸವೆದು ಕಾಗದಕ್ಕೆ ತಾಗಿದರೆ ಗೋಡೆಯೆಲ್ಲ ಮೃತ್ಯುವಾಗುವುದು.

ಕನ್ನಡಿಯೇ ಎಲ್ಲಕ್ಕಿಂತ ಶ್ರೇಷ್ಠವೆಂಬ ನಂಬಿಕೆಯು ಜನರಲ್ಲಿ ಇದೆ, ಅದು ತಪ್ಪು. ಮನೆಯ ಕನ್ನಡಿಯಲ್ಲಿ ರಸಲೇಪವು ಗಾಜಿನ ಹಿಂದೆ ಇರುವುದರಿಂದ ಬೆಳಕು ಗಾಜನ್ನು ಎರಡು ಸಾರಿ ದಾಟಬೇಕಾಗಿ ಸ್ವಲ್ಪ ನಷ್ಟವಾಗುತ್ತದೆ. ಇದಲ್ಲದೆ ಕನ್ನಡಿಯು ಬೆಳಕನ್ನು ಒಂದೇ ದಿಕ್ಕಿಗೆ ಕಳುಹಿಸುತ್ತದೆ. ಸುಣ್ಣದ ಗೋಡೆಯು ಎಲ್ಲ ದಿಕ್ಕುಗಳಿಗೂ ಚೆಲ್ಲುತ್ತದೆ. ಎಲೆಗಳು ಒಂದರ ಮೇಲೊಂದು ನೆರಳು ಬೀಳಿಸುವ ಪೈರಿಗೆ ಚೆಲ್ಲಿದ ಬೆಳಕೇ ಹಿತ.

ಬಿಳುಪು ಎಲ್ಲಿ ಬೇಕೆಂಬುದೂ ತಿಳಿದಿರಬೇಕು. ದೀಪದ ಮೇಲೆ ಬಿಳಿಯ ಬುರುಡೆ ಇದ್ದರೆ ಮಾಡಿನ ಬಿಳುಪಿನಿಂದ ಹೆಚ್ಚು ಲಾಭವಿಲ್ಲ. ಗಿಡದ ಬುಡದಿಂದ ದೀಪದ ಮಟ್ಟದವರೆಗಿನ ಗೋಡೆಯೇ ಮುಖ್ಯ. ಪರದೆಯು ಗಿಡಗಳಿಂದ ಒಂದು ಅಡಿಯ ಒಳಗೆ ಇರಲಿ. ಆದರೆ ಮೇಲೆ ಕೆಳಗೆ ಗಾಳಿ ಆಡಲು ಒಂದು ಗೇಣು ಸಂದು ಬಿಡತಕ್ಕದ್ದು. ಸಂದಿಲ್ಲದೆ ಮುಚ್ಚಿದಲ್ಲಿ ಶಾಖವೂ ತೇವವೂ ನಿಂತು ಎಲೆಗಳಿಗೆ ರೋಗ ತಾಗುವುದು. ಹಾಳೆಯನ್ನು ಗೋಡೆಗೆ ಪೂರಾ ಅಂಟಿಸುವುದಕ್ಕಿಂತ ತೆಗೆದು ತೊಳೆಯುವಂತೆ ಮೊಳೆಗಳಿಗೆ ತೂಗುಹಾಕುವುದು ಒಳ್ಳೆಯದು. ಇಲ್ಲವಾದರೆ ಹಿಂದುಗಡೆ ಕಾಣದಂತೆ ಬೂಷ್ಟು ಬೆಳೆಯುತ್ತದೆ. ಪ್ಲಾಸ್ಟಿಕ್ ಹಾಳೆಗಳೂ ಥರ್ಮೊಕೋಲ್ ಹಲಗೆಗಳೂ ಬೇಗ ಬೆಂಕಿ ಹಿಡಿಯುವುದರಿಂದ ಬಿಸಿಯಾಗುವ ದೀಪಗಳ ಹತ್ತಿರ ಅವುಗಳನ್ನು ತರಕೂಡದು.

ಲಾಭವನ್ನು ಅಳೆದು ನೋಡದೆ ಹಣವನ್ನು ಹಾಕುವುದು ಸರಿಯಲ್ಲ. ಬೆಳಕಿನ ಮಾಪಕವು ಈಗ ಕಡಿಮೆ ಬೆಲೆಗೆ ಸಿಕ್ಕುತ್ತದೆ. ಅದಿಲ್ಲದಿದ್ದರೆ ಮೊಬೈಲ್ ಫೋನಿನಲ್ಲಿಯೂ ಸುಮಾರಾಗಿ ನೋಡಬಹುದು. ಗಿಡದ ತಲೆಯ ಮಟ್ಟದಲ್ಲಿ ನಡುವೆ ಒಂದು ಸಾರಿ, ನಾಲ್ಕು ಮೂಲೆಗಳಲ್ಲಿ ಒಂದೊಂದು ಸಾರಿ ಲಕ್ಸ್ ಅಂಕಿಗಳನ್ನು ಬರೆದುಕೊಂಡು, ಸುಣ್ಣ ಬಳಿದ ಮೇಲೆ ಅದೇ ಸ್ಥಳಗಳಲ್ಲಿ ಅದೇ ದೀಪಗಳ ಕೆಳಗೆ ಮತ್ತೆ ಅಳೆಯಬೇಕು. ಲಕ್ಸ್ ಎಂಬುದು ಮನುಷ್ಯನ ಕಣ್ಣಿನ ಅಳತೆಯಾದ್ದರಿಂದ ಬೇರೆ ಬೇರೆ ಜಾತಿಯ ದೀಪಗಳನ್ನು ಹೋಲಿಸಲು ಅದು ಬಾರದು. ಒಂದೇ ದೀಪದ ಮೊದಲು, ಆಮೇಲೆ ಎಂಬ ಹೋಲಿಕೆಗೆ ಸಾಕು. ಮೂಲೆಯ ಅಂಕಿಯು ನಡುವಿನ ಅಂಕಿಗೆ ಹತ್ತಿರ ಬಂದರೆ ಕೆಲಸವು ಸಫಲವಾಯಿತೆಂದು ತಿಳಿಯಬೇಕು.

ಉದಾಹರಣೆಗಾಗಿ 40 ವ್ಯಾಟಿನ 10 ದೀಪಗಳು ದಿನಕ್ಕೆ 16 ಗಂಟೆ ಉರಿಯುವ ಸೊಪ್ಪಿನ ಕೋಣೆಯನ್ನು ತೆಗೆದುಕೊಳ್ಳೋಣ. ದಿನಕ್ಕೆ 6.4 ಯೂನಿಟ್, 30 ದಿನಗಳ ತಿಂಗಳಿಗೆ 192 ಯೂನಿಟ್ ಖರ್ಚಾಗುವುದು. ಗೋಡೆಯ ಬಿಳುಪಿನಿಂದ ಎಲೆಗೆ ಬೀಳುವ ಬೆಳಕು ಐದನೆಯ ಒಂದು ಪಾಲು ಹೆಚ್ಚಿತೆಂದು ಅಳತೆಯಲ್ಲಿ ಕಂಡರೆ, 13 ಗಂಟೆ 20 ನಿಮಿಷಗಳಲ್ಲಿಯೇ ಮೊದಲಿನಷ್ಟು ಬೆಳಕು ಪೈರಿಗೆ ದೊರೆತು, ತಿಂಗಳಿಗೆ 160 ಯೂನಿಟ್ ಸಾಕಾಗುವುದು. ಉಳಿದ 32 ಯೂನಿಟ್ಟಿನ ಬೆಲೆಯನ್ನು ಸುಣ್ಣದ ಬೆಲೆಯೊಡನೆ ಹೋಲಿಸಿ ನೋಡಿಕೊಳ್ಳಬಹುದು. ಬೆಳ್ಳಿಯ ಹಾಳೆಯ ಬೆಲೆಯೊಡನೆ ಹೋಲಿಸಿದರೆ ಲೆಕ್ಕವು ಅಷ್ಟು ಸಲೀಸಾಗಿ ಹೊಂದದೆ ಇರಬಹುದು.

ಹೂವಿನ ಬೆಳೆಗಳಲ್ಲಿ ಮಾತ್ರ ದೀಪದ ಗಂಟೆಗಳನ್ನು ಹೀಗೆ ಕೂಡಿಸಿ ಕಳೆಯಲಾಗದು. ಹಗಲಿನ ಉದ್ದವೇ ಕೆಲವು ಗಿಡಗಳ ಹೂ ಬಿಡುವ ಕಾಲವನ್ನು ನಿಶ್ಚಯಿಸುತ್ತದೆಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ಶಾಸ್ತ್ರಜ್ಞರು 1920ರಲ್ಲಿ ಪ್ರಕಟಿಸಿದರು. ಸೇವಂತಿಗೆಯು ಅಂಥ ಗಿಡ. ರಾತ್ರಿಯು ಉದ್ದವಾದರೆ ಮೊಗ್ಗು ಕಟ್ಟುವುದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಬಲ್ಬುಗಳನ್ನು ಉರಿಸುವುದು ಮೊಗ್ಗನ್ನು ತಡೆದು ಗಿಡವನ್ನು ಮೊದಲು ಬೆಳೆಸುವುದಕ್ಕಾಗಿಯೇ. ಇಂಥ ಗಿಡಕ್ಕೆ ಕತ್ತಲೆ ಕೊಡಬೇಕಾದ ಕೋಣೆಯಲ್ಲಿ ಬಿಳಿಯ ಗೋಡೆಯು ಶತ್ರುವೂ ಆಗಬಹುದು: ಬಾಗಿಲ ಸಂದಿನಿಂದ ನುಸುಳಿದ ಬೀದಿದೀಪದ ಬೆಳಕನ್ನು ಅದು ಕೋಣೆಯ ಮೂಲೆಮೂಲೆಗೂ ಹಂಚುತ್ತದೆ. ಬಾಗಿಲು ಮುಚ್ಚಿ, ದೀಪ ಆರಿಸಿ, ಕಾಲು ಗಂಟೆ ಒಳಗೆ ನಿಂತು ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಎಲ್ಲಿ ಬೆಳಕು ಕಾಣುವುದೋ ಅಲ್ಲಿ ಗಾರೆ ಮೆತ್ತಬೇಕು.

ರಾಗಿ, ಭತ್ತ, ಜೋಳ ಮುಂತಾದ ಧಾನ್ಯಗಳಿಗೆ ದೀಪದ ಕೋಣೆಯ ಯೋಚನೆಯನ್ನು ಯಾರೂ ಮಾಡಬೇಕಾಗಿಲ್ಲ; ಬಿಸಿಲಿರುವಾಗ ವಿದ್ಯುತ್ತನ್ನು ಕೊಂಡು ಧಾನ್ಯ ಬೆಳೆದರೆ ಅಸಲೇ ಹುಟ್ಟದು. ಎಳೆಯ ಸಸಿ, ಬೆಲೆಬಾಳುವ ಸೊಪ್ಪು, ಅಂಗಾಂಶದ ಗಿಡಗಳಿಗೆ ಮಾತ್ರ, ಅದೂ ಕೊಳ್ಳುವವರು ಮೊದಲೇ ಗೊತ್ತಾಗಿದ್ದರೆ, ಈ ಪದ್ಧತಿಯು ಯೋಗ್ಯ. ಬಯಲಿನಲ್ಲಿ ಪ್ರತಿಫಲನದ ಉಪಯೋಗವು ಬೇಕೆನ್ನುವವರಿಗೆ ಬೆಳ್ಳಿ ಬಣ್ಣದ ಹೊದಿಕೆಯ ಹಾಳೆಯು ಇದೆ. ಮೆಣಸಿನಕಾಯಿಯ ಸಾಲುಗಳಲ್ಲಿ ಬೆಳ್ಳಿಯ ಮುಖವನ್ನು ಮೇಲೆ ಮಾಡಿ ಹಾಸಿದರೆ, ಕೆಳಗಿನಿಂದ ಬರುವ ಬೆಳಕಿಗೆ ದಿಕ್ಕುಗೆಟ್ಟು ಹೇನು, ಥ್ರಿಪ್ಸ್ ನುಸಿಗಳು ಎಳೆಯ ಗಿಡಗಳ ಮೇಲೆ ಇಳಿಯುವುದು ಕಡಿಮೆಯಾಗುತ್ತದೆ. ಗಿಡವು ಹಬ್ಬಿ ಹಾಳೆಯನ್ನು ಮುಚ್ಚಿದ ಮೇಲೆ ಆ ಗುಣವು ಉಳಿಯದು.

ಕೋಣೆಯ ಗೋಡೆಯನ್ನು ಪ್ರತಿಯೊಂದು ಬೆಳೆ ತೆಗೆದ ಮೇಲೂ ನೋಡತಕ್ಕದ್ದು. ನೀರು ಚಿಮ್ಮುವ ಕೆಳಗಿನ ಎರಡು ಅಡಿಯಲ್ಲಿ ಮೊದಲು ಹಸುರು ಪಾಚಿಯ ಗೆರೆ ಮೂಡುವುದು. ಅಷ್ಟು ಭಾಗವನ್ನು ಉಜ್ಜಿ ತೊಳೆದು ಒಂದು ಸಾರಿ ಸುಣ್ಣ ಬಳಿದರೆ ಸಾಕು. ಇಡೀ ಕೋಣೆಗೆ ವರ್ಷಕ್ಕೊಮ್ಮೆ, ಸಸಿಗಳನ್ನು ಹೊರಗಿಟ್ಟು ಬಳಿಯಬೇಕು. ದೀಪಗಳ ಮೇಲೆ ಕೂತ ಧೂಳನ್ನು ಒರಸುವಾಗ ವಿದ್ಯುತ್ತನ್ನು ನಿಲ್ಲಿಸಿ, ಒಣ ಬಟ್ಟೆಯನ್ನೇ ಉಪಯೋಗಿಸತಕ್ಕದ್ದು.